ಗಾಂಧಿಬಜಾರಿನಲ್ಲಿ ಒಂದು ಸಂಜೆಯ ನಡಿಗೆ

ಬೆಂಗಳೂರಿಗೆ ಹೋದರೆ ಏನೇನು ನೋಡುತ್ತೀರಿ ಅಂತ ನಮ್ಮ ಕಡೆಯ ಹೆಂಗಸರನ್ನು ಕೇಳಿ ನೋಡಿ. ವಿಧಾನಸೌಧ, ಲಾಲ್‌ಬಾಗು, ಒಂದೆರಡು ದೇವಸ್ಥಾನ, ಕೊನೆಗೆ ಚಿಕ್ಕಪೇಟೆಯ ಸೀರೆ ಅಂಗಡಿ. ಇಷ್ಟಕ್ಕೆ ಪಟ್ಟಿ ಮುಗಿಯಿತು. ಒಂದು ಬಡಾವಣೆಯನ್ನು ಸುಮ್ಮನೆ ಕಾಲ್ನಡಿಗೆಯಲ್ಲಿ ಸುತ್ತಿ ಬರುವುದೂ ಒಂದು ಪ್ರವಾಸವೇ ಎಂದು ಯಾರಾದರೂ ಹೇಳಿದರೆ ನಾವು ನಕ್ಕುಬಿಡುತ್ತೇವೆ. ಆದರೆ ಸೋದರಿಯರೇ, ಬಸವನಗುಡಿಯ ಆ ಮೂರು ಗಂಟೆಯ ನಡಿಗೆಯಲ್ಲಿ ನಾನು ಕಂಡದ್ದನ್ನು ಯಾವ ಬಸ್ಸಿನ ಕಿಟಕಿಯಿಂದಲೂ ಕಾಣಲು ಸಾಧ್ಯವಿರಲಿಲ್ಲ.

ನಾನು ಹೋದದ್ದಕ್ಕೆ ಕಾರಣವೂ ಇತ್ತೆನ್ನಿ. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಮ್ಮ ಮಗ ಒಂದು ದಿನ ಕೆಲಸ ಬಿಟ್ಟು, ಗೆಳೆಯರ ಜತೆ ಗಾಂಧಿಬಜಾರಿನ ಹಿಂದಿನ ಓಣಿಯಲ್ಲೊಂದು ಕೋಣೆ ಹಿಡಿದು ನಾಟಕ ಆಡುತ್ತಾ ಇದ್ದಾನೆ ಎಂದು ಗೊತ್ತಾಯಿತು. "ಬಿ.ಕಾಂ. ಓದ್ಸದ್ದ್ ನಾಟ್ಕ ಆಡುಕಾ?" ಎಂದು ನಮ್ಮನೆಯವರು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ, "ನೀನೇ ಹೋಗಿ ಕರ್ಕಂಡ್ ಬಾ" ಎಂದು ನನ್ನನ್ನೇ ಕಳಿಸಿದರು. ಮಗನಿಗೆ ಫೋನು ಮಾಡಿದರೆ ಅವನು ಜಗಳಕ್ಕೆ ಬರಲಿಲ್ಲ. "ಅಮ್ಮ, ನೀ ಒಂದ್ ಸಲ ಬಂದ್ ಕಾಣ್, ಆಮೇಲ್ ಹೇಳ್" ಎಂದ. ಶನಿವಾರದ ಸಂಜೆ ನಡಿಗೆಗೆ ನನ್ನ ಹೆಸರೂ ಬರೆಸಿ ಇಟ್ಟಿದ್ದ. ಹಳೆಯ ಬೀದಿಗಳನ್ನು ನಡೆಸಿ ತೋರಿಸುವ ತಂಡಗಳು ಈಗ ಬೆಂಗಳೂರಿನಲ್ಲಿ ಕೆಲವಿವೆ. ನಮ್ಮ ತಂಡದಲ್ಲಿ ಹನ್ನೆರಡು ಜನ. ಕರೆದುಕೊಂಡು ಹೋದವಳು ಇಪ್ಪತ್ತೈದರ ಒಬ್ಬ ಚುರುಕು ಹುಡುಗಿ.

ಬಂಡೆ, ಬಸವ, ಕಡಲೆಕಾಯಿ

ನಡಿಗೆ ಶುರುವಾದದ್ದು ದೊಡ್ಡ ಬಸವಣ್ಣನ ಗುಡಿಯಲ್ಲಿ. ಈ ಜಾಗಕ್ಕೆ ಮೊದಲು ಸುಂಕೇನಹಳ್ಳಿ ಎಂಬ ಹೆಸರಿತ್ತಂತೆ. ಕೆಂಪೇಗೌಡರ ಕಾಲದ ಗುಡಿ. ಒಂದೇ ಕಲ್ಲಿನ ಬಸವ, ಸುಮಾರು 15 ಅಡಿ ಎತ್ತರ. ಸುತ್ತಲಿನ ಕಡಲೆಕಾಯಿ ಹೊಲವನ್ನು ರಾತ್ರಿ ಬಂದು ಮೇಯುತ್ತಿದ್ದ ಬಸವನೇ ಕಲ್ಲಾದನೆಂದು ಐತಿಹ್ಯ. ಅದಕ್ಕೇ ರೈತರು ಮೊದಲ ಬೆಳೆ ತಂದು ಒಪ್ಪಿಸುವುದು. ಕಾರ್ತಿಕದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ರಸ್ತೆಯ ಎರಡೂ ಬದಿಗೆ ರಾಶಿ ರಾಶಿ ಕಡಲೆಕಾಯಿ. ಕೆಳಗಡೆ ದೊಡ್ಡ ಗಣಪತಿ. ಬೆಣ್ಣೆ ಅಲಂಕಾರದ ದಿನ ಇಡೀ ಮೂರ್ತಿಗೆ ಬೆಣ್ಣೆ ಮೆತ್ತುತ್ತಾರೆ ಎಂದಾಗ, ಎಷ್ಟು ಮನೆಯ ಕಡೆಗೋಲು ತಿರುಗಬೇಕಪ್ಪಾ ಎಂದು ನಾನು ಲೆಕ್ಕ ಹಾಕಿದೆ.

ಪಕ್ಕದಲ್ಲೇ ಕಹಳೆ ಬಂಡೆ. ಸಂಜೆ ಹೊತ್ತಿಗೆ ಕಾವಲುಗಾರ ಇದರ ಮೇಲೆ ನಿಂತು ಪಂಜು ಹಿಡಿದು ಕಹಳೆ ಊದುತ್ತಿದ್ದನಂತೆ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂದಳು ಹುಡುಗಿ. ಮರಗಳಲ್ಲಿ ನೂರಾರು ಬಾವಲಿಗಳು ತಲೆಕೆಳಗಾಗಿ ತೂಗುತ್ತಿದ್ದವು. ಕತ್ತಲು ಬೀಳುವ ಹೊತ್ತಿಗೆ ಅವು ಒಂದೊಂದಾಗಿ ಹೊರಟವು, ನಮ್ಮೂರ ಹಾಡಿಯಲ್ಲಿ ಹೊರಡುವ ಹಾಗೆಯೇ.

ಡಿ.ವಿ.ಜಿ.ಯವರ ಮುಂದೆ

ಅದೇ ಉದ್ಯಾನದಲ್ಲಿ ಡಿ.ವಿ.ಗುಂಡಪ್ಪನವರ ಪ್ರತಿಮೆ ಇದೆ. 'ಮಂಕುತಿಮ್ಮನ ಕಗ್ಗ' ಬರೆದವರು ಎಂದು ನಮಗೆಲ್ಲ ಗೊತ್ತು. ಮುಳಬಾಗಿಲಿನ ಈ ಮನುಷ್ಯ ಹೈಸ್ಕೂಲು ದಾಟದೆ, ಪತ್ರಿಕೆ ನಡೆಸಿ, ಪುಸ್ತಕ ಬರೆದು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರಲ್ಲಿ ಸನ್ಮಾನಿಸಿ ಹಣ ಕೊಟ್ಟರೆ ಅದನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಹೈಸ್ಕೂಲಿಗೇ ನಿಂತವಳು ನಾನೂ. ಆ ಮಾತು ಕೇಳಿ ಸ್ವಲ್ಪ ಎದೆ ಸೆಟೆದದ್ದು ನಿಜ.

ಆಮೇಲೆ ಆ ಹುಡುಗಿ ಅವರ ಮಡದಿ ಭಾಗೀರಥಮ್ಮನವರ ಕಥೆ ಹೇಳಿದಳು. ನಾನೂ ಹಿಂದೊಮ್ಮೆ ಓದಿದ್ದೆ. ನೆಂಟರ ಮನೆಯ ಸಮಾರಂಭಕ್ಕೆ ಮಕ್ಕಳನ್ನು ಕಳಿಸಿ ಆಕೆ ಮನೆಯಲ್ಲೇ ಉಳಿದರಂತೆ. ಯಾಕೆಂದು ಕೇಳಿದರೆ, ಉಟ್ಟುಕೊಂಡು ಹೋಗಲು ಹರಿಯದ ಸೀರೆ ಇರಲಿಲ್ಲ. ಹರಿದದ್ದನ್ನು ಉಟ್ಟು ಹೋದರೆ ಜನ ಗಂಡನ ಬಗ್ಗೆ ಏನಂದಾರು ಎಂಬ ಚಿಂತೆ ಆಕೆಗೆ. ತಂಡದಲ್ಲಿದ್ದವರೆಲ್ಲ 'ಎಂಥಾ ತ್ಯಾಗ' ಎಂದು ತಲೆದೂಗಿದರು. ನಾನು ಮಾತ್ರ ಮಗನ ಕಡೆ ತಿರುಗಿ ಮೆಲ್ಲಗೆ ಕೇಳಿದೆ: "ನೀ ನಾಟ್ಕ ಆಡ್, ಬ್ಯಾಡ ಅಂಬುದಿಲ್ಲ. ನಾಳೆ ಬಪ್ಪೋಳ್ ಸೀರೆ ಹರದ್ರೆ ಯಾರ್ ಹೊಲೂದ್?" ಅವನು ಉತ್ತರ ಕೊಡಲಿಲ್ಲ. ನನ್ನ ಕೈಚೀಲ ಇಸಿದುಕೊಂಡು ಮುಂದೆ ನಡೆದ.

ಸಾಹಿತಿಗಳು ಅಡ್ಡಾಡಿದ ಬೀದಿ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಬಂದಾಗ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲ ರಸ್ತೆ, ಗಾಳಿ ಬೆಳಕಿನ ಮನೆ, ಮುಂದೊಂದು ಜಗಲಿ, ಎರಡು ಸಂಪಿಗೆ ಮರ. ಈಗ ಅಂಥ ಮನೆಗಳು ಕಡಿಮೆಯಾಗಿವೆ. ಎರಡು ಬಹುಮಹಡಿ ಕಟ್ಟಡಗಳ ನಡುವೆ ಒಂದು ಹೆಂಚಿನ ಮನೆ, ಸಂತೆಯಲ್ಲಿ ದಾರಿ ತಪ್ಪಿದ ಅಜ್ಜಿಯ ಹಾಗೆ ನಿಂತಿರುತ್ತದೆ.

ಗವಿಪುರದಲ್ಲಿ ಮಾಸ್ತಿಯವರ ಮನೆ. ಕೋಟು, ಕೊಡೆ ಸಮೇತ ಅವರು ದಿನಾ ಸಂಜೆ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಇಸ್ಪೀಟು ಆಡುತ್ತಿದ್ದರಂತೆ. 'ಚಿಕವೀರ ರಾಜೇಂದ್ರ'ಕ್ಕೆ 1983ರ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ನಿಸಾರ್ ಅಹಮದರ ಮೊದಲ ಕವನ ಸಂಕಲನದ ಹೆಸರೇ 'ಮನಸು ಗಾಂಧಿಬಜಾರು', 1960ರದ್ದು. ನಮ್ಮ ಮೊಗೇರಿಯ ಗೋಪಾಲಕೃಷ್ಣ ಅಡಿಗರೂ ಬೆಂಗಳೂರಿನಲ್ಲಿದ್ದಾಗ ಈ ಬೀದಿಯ ಹೋಟೆಲಿನ ಮಾತಿನ ಕೂಟಗಳಲ್ಲಿ ಕೂತವರೇ. ಒಂದು ಕಪ್ಪು ಕಾಫಿಯನ್ನು ಇಬ್ಬರು ಹಂಚಿಕೊಂಡು ಗಂಟೆಗಟ್ಟಲೆ ಕವಿತೆಗಾಗಿ ಜಗಳವಾಡುವ ಜನ, ನಾಟಕದವರು, ಚಿತ್ರ ಬರೆಯುವವರು ಎಂದರೆ ನಮ್ಮಂಥವರಿಗೆ ಹೊಣೆಯಿಲ್ಲದವರು ಎಂದೇ ಅನಿಸುತ್ತದೆ. ಆದರೆ ಯೋಚನೆ ಮಾಡಿ. ನಮ್ಮ ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳದವರು ದೀಪಾವಳಿ ಕಳೆದು ಹೊರಟರೆ ಮನೆ ಸೇರುವುದು ಮಳೆಗಾಲದ ಹೊಸ್ತಿಲಲ್ಲಿ. ರಾತ್ರಿಯಿಡೀ ಕುಣಿದು ಹಗಲು ಮಲಗುವ ಅವರನ್ನು ನಾವು ಕಲಾವಿದರು ಎಂದು ಕೈಮುಗಿಯುತ್ತೇವೆ. ಮಗ ಅದೇ ಮಾಡಿದರೆ ಮಾತ್ರ ಊಟ ಬಿಡುತ್ತೇವೆ!

ಗಾಂಧಿಬಜಾರಿನ ಹೂವಿನ ಸಾಲಿಗೆ ಬಂದಾಗ ದೀಪ ಹತ್ತಿತ್ತು. ಮಲ್ಲಿಗೆ, ಕನಕಾಂಬರ, ಸೇವಂತಿಗೆ, ತಾವರೆ. ಪಕ್ಕದಲ್ಲಿ ಹಣ್ಣು, ಬಾಳೆ ಎಲೆ. ಈಚಿನ ವರ್ಷಗಳಲ್ಲಿ ರಸ್ತೆಯ ಕಾಮಗಾರಿ ನಡೆದಾಗ ಇಲ್ಲಿಯ ಬೀದಿ ವ್ಯಾಪಾರಿಗಳು ತುಂಬಾ ಕಷ್ಟ ಪಟ್ಟರು. ಮೊಳ ಹೂವು ಕೊಂಡು ಮುಡಿದುಕೊಂಡೆ. ನಮ್ಮೂರಿನ ಮೊಳಕ್ಕಿಂತ ಇದು ಸ್ವಲ್ಪ ಗಿಡ್ಡವೇ ಎನ್ನಿಸಿತು!

ನಮ್ಮೂರಿನ ದೋಸೆ

ಇಲ್ಲಿಯ ವಿದ್ಯಾರ್ಥಿ ಭವನದ ಹೆಸರು ಕೇಳದವರಿಲ್ಲ. 1943ರಲ್ಲಿ ಸಾಲಿಗ್ರಾಮದ ಉರಾಳ ಸಹೋದರರು ವಿದ್ಯಾರ್ಥಿಗಳಿಗಾಗಿ ಶುರು ಮಾಡಿದ ಹೋಟೆಲು. 1970ರಲ್ಲಿ ಅದನ್ನು ವಹಿಸಿಕೊಂಡ ರಾಮಕೃಷ್ಣ ಅಡಿಗರು ಬೇರೆ ಯಾರೂ ಅಲ್ಲ, ನಮ್ಮ ಶಂಕರನಾರಾಯಣದವರೇ! ಇದನ್ನು ಆ ಹುಡುಗಿ ಹೇಳಿದಾಗ ನಾನು ತಂಡದ ಮುಂದೆಯೇ "ನಮ್ಮೂರು, ನಮ್ಮೂರು" ಎಂದುಬಿಟ್ಟೆ. ಗೋಡೆಯ ಮೇಲೆಲ್ಲ ಕನ್ನಡದ ದೊಡ್ಡವರ ಚಿತ್ರಗಳು. ಬಿಳಿ ಪಂಚೆಯುಟ್ಟ ಮಾಣಿ ಒಂದೇ ಕೈಯ ಮೇಲೆ ಹತ್ತು ಹದಿನೈದು ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡುವುದೇ ಒಂದು ಚೆಂದ. ದೋಸೆ ಮೇಲೆ ಗರಿಗರಿ, ಒಳಗೆ ಮೆದು, ಬಣ್ಣ ಕಡುಕೆಂಪು. ಸಾಂಬಾರಿಲ್ಲ; ಚಟ್ನಿ ಮಾತ್ರ.

ಬಡಿಸಿದವರಲ್ಲೊಬ್ಬರು ನನ್ನ ಮಾತಿನ ಧಾಟಿ ಕೇಳಿ, "ಕುಂದಾಪ್ರ ಬದಿಯರಾ?" ಎಂದರು. "ಹೌದ್, ಶಂಕರನಾರಾಯಣ" ಎಂದೆ. "ಇನ್ನೊಂದ್ ದೋಸೆ ತರ್ಕಾ ಅಕ್ಕಾ?" ಎಂಬ ಅವರ ಮಾತು ಕೇಳಿ ಕಣ್ಣು ತುಂಬಿತು. ನನ್ನ ಚಿಕ್ಕಪ್ಪ ಹನ್ನೆರಡನೇ ವಯಸ್ಸಿಗೆ ಬೆಂಗಳೂರಿನ ಒಂದು ಹೋಟೆಲಿಗೆ ಲೋಟ ತೊಳೆಯಲು ಬಂದವರು. ನಮ್ಮ ಸೀಮೆಯಿಂದ ಹೀಗೆ ಬಂದ ಮಾಣಿಗಳು ಎಷ್ಟೋ. ಕವಿಗಳು ಮಾತಾಡುತ್ತಾ ಕೂತಿದ್ದಾಗ ಅವರ ಮೇಜು ಒರೆಸಿದ್ದು ಇಂಥ ಕೈಗಳೇ. ಚಿಕ್ಕಪ್ಪ ಆ ಮಾತುಗಳನ್ನು ಕೇಳಿಯೇ ಓದು ಬರಹ ಕಲಿತೆ ಎನ್ನುತ್ತಿದ್ದರು. ಈ ಬೀದಿ ಬರೀ ಬರೆದವರದ್ದಲ್ಲ, ಬಡಿಸಿದವರದ್ದೂ ಹೌದು ಎಂದು ಅಲ್ಲಿ ಕೂತು ತಿಳಿಯಿತು.

ಸುಬ್ಬಮ್ಮನ ಅಂಗಡಿ

ಕೊನೆಯಲ್ಲಿ ನಿಂತದ್ದು ಸುಬ್ಬಮ್ಮನ ಅಂಗಡಿಯ ಮುಂದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಸುಬ್ಬಮ್ಮ ಮನೆಯಲ್ಲಿ ಹಪ್ಪಳ ಒತ್ತಿ, ಮನೆ ಮನೆಗೆ ಹೊತ್ತು ಮಾರಿ ಮಕ್ಕಳನ್ನು ಸಾಕಿದರು. 1948ರಿಂದ ಅಂಗಡಿ ನಡೆಯಿತು. ಇಂದಿಗೂ ಹಪ್ಪಳ, ಸಂಡಿಗೆ, ಚಕ್ಕುಲಿ, ಸಾರಿನ ಪುಡಿಗೆ ಜನ ನಿಂತಿರುತ್ತಾರೆ. ಹತ್ತಿರದ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ; 'ಸರಸ್ವತಿ' ಎಂಬ ಮಾಸಪತ್ರಿಕೆಯನ್ನು ನಾಲ್ಕು ದಶಕ ನಡೆಸಿದರು. ಒಬ್ಬರು ಹಪ್ಪಳದಿಂದ, ಒಬ್ಬರು ಲೇಖನಿಯಿಂದ ತಮ್ಮ ಕಾಲ ಮೇಲೆ ನಿಂತರು. ಹೋಟೆಲಿನ ಕೂಟದ ಕಥೆಗಳಲ್ಲಿ ಹೆಂಗಸರು ಸಿಗುವುದು ಕಡಿಮೆ, ಆದರೆ ಬೀದಿಯ ಕಥೆಯಲ್ಲಿ ಇದ್ದೇ ಇದ್ದಾರೆ.

ಅಲ್ಲಿ ಮಗ ಬಾಯಿ ಬಿಟ್ಟ. "ಸೀರೆ ನಾನೇ ಹೊಲಿತೆ ಅಮ್ಮ. ಹರೀದಂಗೂ ಕಾಣ್ತೆ." ಬೆಳಗ್ಗೆ ಒಂದು ಅಂಗಡಿಯ ಲೆಕ್ಕ ಬರೆಯಲು ಒಪ್ಪಿಕೊಂಡಿದ್ದಾನಂತೆ, ಸಂಜೆ ನಾಟಕ. ಮರುದಿನ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಅವರ ತಂಡದ ಆಟ ನೋಡಿದೆ. ಅವನದ್ದು ಮುದುಕನ ಸಣ್ಣ ಪಾತ್ರ. ಕೆಮ್ಮುವುದು, ಕೈ ನಡುಗಿಸುವುದು ಎಲ್ಲ ಥೇಟ್ ನಮ್ಮ ಮಾವಯ್ಯನ ಹಾಗೆ! ನಾನು ಒಬ್ಬಳೇ ಊರಿಗೆ ಬಂದೆ. ನಮ್ಮನೆಯವರು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಮುಂದಿನ ಆಟ ಯಾವಾಗ ಎಂದು ಒಮ್ಮೆ ಕೇಳಿದ್ದಾರೆ. ಒಂದು ವರ್ಷದ ಗಡುವು ಕೊಟ್ಟಿದ್ದೇವೆ.

ಹೋಗುವವರಿಗೆ ನಾಲ್ಕು ಮಾತು

ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಶನಿವಾರ, ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ನಾಲ್ಕೂವರೆಗೆ ಹೊರಟರೆ ಬಿಸಿಲು ಇಳಿದಿರುತ್ತದೆ. ಹೊಸ ಚಪ್ಪಲಿ ಬೇಡ, ಹತ್ತಿಯ ಸೀರೆ ಅಥವಾ ಚೂಡಿದಾರ ಹಿತ. ನೀರಿನ ಬಾಟಲಿ, ಹಪ್ಪಳ ತುಂಬಲು ಬಟ್ಟೆಚೀಲ ಮರೆಯಬೇಡಿ. ಪುಸ್ತಕ ಪ್ರೀತಿಯಿದ್ದರೆ ಗಾಂಧಿಬಜಾರಿನ ಅಂಕಿತ ಪುಸ್ತಕಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ.

ಆ ದೋಸೆಯನ್ನು ಮನೆಯಲ್ಲಿ ಮಾಡಿ ನೋಡಿದೆ. 4 ಲೋಟ ದೋಸೆ ಅಕ್ಕಿ, 1 ಲೋಟ ಉದ್ದಿನಬೇಳೆ, 1 ಚಮಚ ಮೆಂತೆ, ಒಂದು ಹಿಡಿ ಅವಲಕ್ಕಿ. ರುಬ್ಬಿ ರಾತ್ರಿಯಿಡೀ ಹುಳಿ ಬರಿಸಿ, ಕಾವಲಿಯಲ್ಲಿ ಸ್ವಲ್ಪ ದಪ್ಪಗೆ ಹೊಯ್ದು, ತುಪ್ಪ ಬಿಟ್ಟು ಸಣ್ಣ ಉರಿಯಲ್ಲಿ ನಿಧಾನ ಕೆಂಪಾಗಿಸಿ. ಅವಸರ ಮಾಡಿದರೆ ಗರಿ ಬರುವುದಿಲ್ಲ. ದೋಸೆಗೂ ಮಕ್ಕಳಿಗೂ ಉರಿ ಸಣ್ಣದೇ ಇರಬೇಕು ನೋಡಿ!