ಮೈಸೂರಿನಲ್ಲಿ ನಾಲ್ಕು ದಿನ

'ದೇಶ ಸುತ್ತು, ಕೋಶ ಓದು' ಎಂದರು ಹಿರಿಯರು. ಒಂದೇ ದಿನದಲ್ಲಿ ಸುತ್ತಿ ಮುಗಿಸು ಎನ್ನಲಿಲ್ಲ. ಆದರೂ ನಮ್ಮ ಪ್ರವಾಸಗಳೆಲ್ಲ ಓಟದ ಪಂದ್ಯವೇ. ಬಸ್ ಇಳಿ, ಫೋಟೋ ತೆಗೆ, ಬಸ್ ಹತ್ತು.

ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ರಜೆ ಕಳೆದರೆ ಹಾಸ್ಟೆಲ್ ಸೇರುವವಳು. ಹಲಸಿನ ಕಾಲದಲ್ಲಿ ಚೇಳೂರು ಬಿಟ್ಟು ಹೊರಡುವುದು ಸುಲಭವಲ್ಲ. ಹೇಗೋ ನಾಲ್ಕು ದಿನ ಹೊಂದಿಸಿದೆವು. ಮಗ ಹನ್ನೊಂದು ಜಾಗಗಳ ಪಟ್ಟಿ ಬರೆದ. ಮಗಳು ಅದನ್ನು ನೋಡಿ, "ಅಪ್ಪ, ದಿನಕ್ಕೆ ಒಂದೇ ಕಡೆ ಗೊತ್ತು ಮಾಡೋಣ. ಅಜ್ಜಿ ಕಾಲೂ ನೋಡಬೇಕಲ್ಲ" ಎಂದಳು.

ಹಾಗೆಂದು ಲೆಕ್ಕಾಚಾರವೇ ಬೇಡವೆಂದಲ್ಲ. ಅರಮನೆಗೆ ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ. ಮೃಗಾಲಯಕ್ಕೆ ಮಂಗಳವಾರ ರಜೆ. ಈ ಎರಡನ್ನು ತಿಳಿದುಕೊಂಡರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ಶನಿವಾರ ತುಮಕೂರು, ಕುಣಿಗಲ್ ದಾರಿಯಾಗಿ ಮೈಸೂರು ಸೇರಿದೆವು. ಭಾನುವಾರ ಅರಮನೆ, ಸೋಮವಾರ ಬೆಳಿಗ್ಗೆ 1892ರಷ್ಟು ಹಳೆಯ ಮೃಗಾಲಯ, ಮಂಗಳವಾರ ಚಾಮುಂಡಿ ಬೆಟ್ಟ. ಬೆಟ್ಟಕ್ಕೆ ಎಲ್ಲರೂ ಬಸ್ಸಿನಲ್ಲಿ ಹೋದೆವು. ಇಳಿಯುವಾಗ ಮಕ್ಕಳು ಮಾತ್ರ ಸಾವಿರ ಚಿಲ್ಲರೆ ಮೆಟ್ಟಿಲು ಎಣಿಸುತ್ತಾ ಬಂದರು.

ಈ ಪ್ರವಾಸದ ನಿಜವಾದ ಲಾಭ ಸೋಮವಾರ ಮಧ್ಯಾಹ್ನದ್ದು. ಅಮ್ಮ ಲಾಡ್ಜಿನಲ್ಲಿ ಮಲಗಿದ್ದರು. ನಾನು, ಮಗಳು ಸುಮ್ಮನೆ ನಡೆಯುತ್ತಾ ಕೃಷ್ಣರಾಜ ಬುಲೇವಾರ್ಡಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಎದುರು ನಿಂತೆವು. 1905ರಲ್ಲಿ ಅಲ್ಲಿನ ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು ತಾಳೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ವಿದ್ವಾಂಸರಿಗೆ ಆ ಗ್ರಂಥದ ಹೆಸರು ಮಾತ್ರ ಗೊತ್ತಿತ್ತು. ಇದನ್ನು ಹೇಳಿದಾಗ ಮಗಳು ಕೇಳಿದಳು: "ಅವರು ಓದದೇ ಕಟ್ಟಿಟ್ಟಿದ್ದರೆ?" ಪಾಠದಲ್ಲಿ ಎರಡು ಅಂಕದ ಪ್ರಶ್ನೆಯಾಗಿದ್ದ ಕೌಟಿಲ್ಯ ಅವಳಿಗೆ ಅಂದು ಬೇರೆಯಾಗಿ ಕಂಡ. ಹಾಸ್ಟೆಲ್ಲಿನ ಭಯವನ್ನೂ ಅವಳು ಹೇಳಿಕೊಂಡದ್ದು ಆ ನಡಿಗೆಯಲ್ಲೇ. ಮನೆಯಲ್ಲಿ ಅಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ತಂದೆ ತಾಯಂದಿರೇ, ರಜೆಯ ಯೋಜನೆಯಲ್ಲಿ ಅರ್ಧ ದಿನಗಳನ್ನಾದರೂ ಖಾಲಿ ಬಿಡಿ. ಮಕ್ಕಳು ಮಾತಾಡುವುದು ಆ ಖಾಲಿ ಹೊತ್ತಿನಲ್ಲಿಯೇ. ಮಗನ ಪಟ್ಟಿಯಲ್ಲಿದ್ದ ಶ್ರೀರಂಗಪಟ್ಟಣ, ಕನ್ನಂಬಾಡಿ ನಮಗೆ ತಪ್ಪಿದವು. ಅವು ಎಲ್ಲಿಗೂ ಹೋಗುವುದಿಲ್ಲ, ಇನ್ನೊಮ್ಮೆ ನೋಡಬಹುದು. ಮಕ್ಕಳು ಮನೆಯಲ್ಲಿರುವ ಕಾಲ ಹಾಗಲ್ಲ.