ನನ್ನ ಎತ್ತರಕ್ಕೆ ತಕ್ಕ ಕೋಲು
ಫ್ಲಾರಿಡಾದ ಕಡಲತೀರದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯುವ ಸೊಸೆ ಅಂದರೆ ನಮ್ಮತ್ತೆಗೆ ನಗು. ನೀವೂ ನಗಿ, ಪರವಾಗಿಲ್ಲ! 1715ರಲ್ಲಿ ಬಿರುಗಾಳಿಗೆ ಮುಳುಗಿದ ಸ್ಪೇನ್ ಹಡಗುಗಳ ನಾಣ್ಯ ಇಲ್ಲಿನ ಮರಳಲ್ಲಿ ಇಂದಿಗೂ ಸಿಗುವುದುಂಟು. ನನಗೆ ಸಿಕ್ಕಿದ್ದು ಮಾತ್ರ ಭುಜದ ನೋವು. ಆರಡಿ ಗಂಡಸಿಗೆ ಹೊಂದುವ ಕೋಲು, ನಾನು ಐದಡಿ. “ಬಿಟ್ಟುಬಿಡೇ, ಯಾಕೆ ಕಷ್ಟ?” ಅಂದರು ಇವರು. ನಾನು ಬಿಡಲಿಲ್ಲ.

ನೆಟ್ಟಗೆ ನಿಂತು, ಕೈ ಸಡಿಲ ಬಿಟ್ಟು, ತುದಿಯ ತಟ್ಟೆ ಮರಳಿಗಿಂತ ಅಂಗುಲ ಮೇಲಿರುವಂತೆ ಅಳೆದು, ಗರಗಸದಿಂದ ಕೊಳವೆ ಕೊಯ್ದೆ. ತಟ್ಟೆಯ ಬೋಲ್ಟು ಪ್ಲಾಸ್ಟಿಕ್ಕಿನದೇ ಇರಲಿ. ಲೋಹದ್ದಾದರೆ ಯಂತ್ರ ಅದಕ್ಕೇ ಕೂಗೀತು. ಮನೆಗೆ ಬಂದೊಡನೆ ಕೊಳವೆಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆದು ಒಣಗಿಸಿ. ಇಲ್ಲದಿದ್ದರೆ ಉಪ್ಪು, ಮರಳು ಸೇರಿ ಅಲ್ಯೂಮಿನಿಯಂ ಕಚ್ಚಿಕೊಳ್ಳುತ್ತದೆ. ಎಣ್ಣೆ ಹಚ್ಚಬೇಡಿ, ಮರಳು ಮೆತ್ತಿಕೊಳ್ಳುತ್ತೆ.

ಈಗ ಎರಡು ಗಂಟೆ ಸುತ್ತಿದರೂ ಭುಜ ಸುಮ್ಮನಿರುತ್ತದೆ. ಇವರೂ ಜೊತೆಗೆ ಬರ್ತಾರೆ, ಜರಡಿ ಹಿಡಿದುಕೊಂಡು.