ಪೈಪಿನಲ್ಲಿ ಉಳಿದ ನೀರು

ಪೈಪಿಗೆ ನೀರು ಬರಿಸುವುದು ನಮ್ಮ ದೊಡ್ಡಬಳ್ಳಾಪುರದ ಕಡೆ ಒಂದು ಸಾಹಸ. ಬಂದ ನೀರನ್ನು ಹೊರಗೆ ಓಡಿಸಲು ಯಾರಾದರೂ ದುಡ್ಡು ಕೊಟ್ಟು ಆಳು ಕರೆಸುತ್ತಾರೆಂದರೆ ಇಲ್ಲಿ ನಗುತ್ತಾರೆ. ನನ್ನ ಮಗ ಕರೆಸುತ್ತಾನೆ. ನ್ಯೂಜೆರ್ಸಿಯಲ್ಲಿ ಕೊಂಡ ಮನೆಯ ಜೊತೆಗೆ ಹಿತ್ತಲಿನ ಈಜುಕೊಳವೂ ಅವನಿಗೆ ಗಂಟುಬಿದ್ದಿದೆ. ಚಳಿ ಬರುವ ಮುಂಚೆ ಅದನ್ನು ಮುಚ್ಚಬೇಕು. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗಿಗೆ ನೆಲದಡಿಯ ಪೈಪು ಸೀಳುತ್ತದೆ. ಅದಕ್ಕೇ ಕಂಪ್ರೆಸರ್ ಹಚ್ಚಿ ಗಾಳಿ ಊದಿಸುತ್ತಾರೆ. ವಿಡಿಯೊ ಕಾಲಿನಲ್ಲಿ ತೋರಿಸಿದ: ಕೊಳದ ಗೋಡೆಯ ತೂತಿನಿಂದ ಗುಳುಗುಳು ಗುಳ್ಳೆ ಏಳುತ್ತಿದ್ದ ಹಾಗೆಯೇ ರಬ್ಬರ್ ಬಿರಡೆ ಜಡಿದರು.

“ಮೂರು ತಿಂಗಳು ಈಜೋಕೆ ಇಷ್ಟೊಂದು ಒದ್ದಾಟವೇನೋ?” ಅಂದಳು ನನ್ನ ಹೆಂಡತಿ.

“ಅಪ್ಪನ ತೋಟದ ಡ್ರಿಪ್ಪಿಗಿಂತ ಕಮ್ಮಿನೇ ಬಿಡಮ್ಮ.”

ಮಾತು ಸುಳ್ಳಲ್ಲ. ನಮ್ಮದು ಬೆಂಗಳೂರು ಬ್ಲೂ ದ್ರಾಕ್ಷಿ, 2013ರಲ್ಲಿ ಜಿಐ ಮಾನ್ಯತೆ ಪಡೆದದ್ದು. ಮಾನ್ಯತೆಯಿಂದ ಬೇರು ನೆನೆಯುವುದಿಲ್ಲವಲ್ಲ! ನಮ್ಮಪ್ಪನ ಕಾಲಕ್ಕೆ ಕಪಿಲೆ ಇತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಚೀಲ ಬಾವಿಯಿಂದ ಮೇಲೆದ್ದು ಕಾಲುವೆಗೆ ಸುರಿಯುತ್ತಿತ್ತು. ಕಾಲುವೆಯಲ್ಲಿ ಕಟ್ಟಿಕೊಳ್ಳುವುದೇನಿದೆ, ಕಸ ಸಿಕ್ಕಿದರೆ ಸನಿಕೆ ಸಾಕು. ಬಾವಿ ಬತ್ತಿತು, ಬೋರ್‌ವೆಲ್ ಬಂತು. ಅದೂ ಸಾವಿರ ಅಡಿ ದಾಟಿದ ಮೇಲೆ ಹನಿ ಲೆಕ್ಕ ಶುರುವಾಯಿತು.

ಹನಿ ನೀರಾವರಿಯ ಹಿಂದೆ ಸಿಮ್ಖಾ ಬ್ಲಾಸ್ ಎಂಬ ಎಂಜಿನಿಯರ್ ಇದ್ದಾನೆ. 1930ರ ದಶಕದ ಪ್ಯಾಲೆಸ್ತೀನ್‌ನಲ್ಲಿ, ಸೋರುವ ಪೈಪಿನ ಪಕ್ಕದ ಒಂದು ಮರ ಉಳಿದೆಲ್ಲಕ್ಕಿಂತ ಹುಲುಸಾಗಿ ಬೆಳೆದದ್ದು ಅವನ ಕಣ್ಣಿಗೆ ಬಿತ್ತಂತೆ. ಪ್ಲಾಸ್ಟಿಕ್ ಬಂದ ಮೇಲೆ ಅದಕ್ಕೊಂದು ಉಪಾಯ ಕಂಡುಕೊಂಡ. ತೂತು ಸಣ್ಣದು ಮಾಡಿದರೆ ಬೇಗ ಕಟ್ಟುತ್ತದೆ. ಬದಲಿಗೆ ನೀರು ಸುತ್ತಿ ಸುತ್ತಿ ಸಾಗುವ ಉದ್ದನೆಯ ದಾರಿ ಮಾಡಿದರೆ ಅದೇ ರಭಸ ಕಳೆದುಕೊಂಡು ತೊಟ್ಟಿಕ್ಕುತ್ತದೆ. 1965ರಲ್ಲಿ ಇಸ್ರೇಲಿನ ಹತ್ಸೆರಿಮ್ ಕಿಬುತ್ಸ್ ಅದನ್ನೇ ಕಾರ್ಖಾನೆ ಮಾಡಿತು.

ಆದರೂ ಕಟ್ಟುತ್ತದೆ. ಪಾತಾಳದ ನೀರಿನಲ್ಲಿ ಸುಣ್ಣ ಕರಗಿ ಕೂತಿರುತ್ತದೆ. ಮೇಲೆ ಬಂದು ಬಿಸಿಲು ತಾಗಿದ್ದೇ ತಡ, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಮಾತ್ರ ಡ್ರಿಪ್ಪರಿನ ಬಾಯಲ್ಲಿ ಬಿಳಿ ಹಕ್ಕಳೆಯಾಗಿ ಉಳಿಯುತ್ತದೆ. ಮಗನ ಪೈಪಿಗೆ ಮಂಜಿನ ಭಯ, ನನ್ನ ಪೈಪಿಗೆ ಕಲ್ಲಿನ ಭಯ. ಅವನದು ಒಂದೇ ರಾತ್ರಿಯಲ್ಲಿ ಒಡೆಯಬಹುದು; ನನ್ನದು ಸದ್ದಿಲ್ಲದೆ ಒಂದೊಂದೇ ಬಳ್ಳಿಯನ್ನು ಒಣಗಿಸುತ್ತದೆ, ಗೊತ್ತಾಗುವಷ್ಟರಲ್ಲಿ ಎಲೆ ಹಳದಿ. ನನ್ನನ್ನು ಕೇಳಿದರೆ ಮಂಜೇ ಮರ್ಯಾದಸ್ಥ.

ಈ ಸುಣ್ಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ಡೇ ಮದ್ದು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ತಪ್ಪಿದರೆ ಮುಖಕ್ಕೆ ಸಿಡಿಯುತ್ತದೆ. ಪಿಎಚ್ 4ರ ಹತ್ತಿರ ಇಳಿಯುವಷ್ಟು ಪೈಪಿಗೆ ಬಿಟ್ಟು, ಮೋಟಾರ್ ನಿಲ್ಲಿಸಿ, ಮಾರನೆ ದಿನ ತುದಿಗಳನ್ನು ಬಿಚ್ಚಬೇಕು. ಪ್ರತಿ ತುದಿಯಲ್ಲೂ ಪೈಪನ್ನು ಮಡಚಿ 8ರ ಆಕಾರದ ಪ್ಲಾಸ್ಟಿಕ್ ಬಳೆ ತೊಡಿಸಿರುತ್ತದೆ. ಅದನ್ನು ಜಾರಿಸಿ ಮೋಟಾರ್ ಹಾಕಿದರೆ ಮೊದಲು ಕಂದು ರಾಡಿ, ಆಮೇಲೆ ಮಜ್ಜಿಗೆಯಂಥ ನೀರು, ಕೊನೆಗೆ ತಿಳಿ. ಈ ತಿಳಿ ಬರುವ ಗಳಿಗೆಯ ಖುಷಿಗೆ ಸೊಂಟನೋವು ಲೆಕ್ಕಕ್ಕಿಲ್ಲ.

ಮಳೆ ಹಿಡಿದು ಡ್ರಿಪ್ ಬೇಡವಾದಾಗ ನೀರೆಲ್ಲ ಬಸಿದುಬಿಟ್ಟರೆ ಸುಣ್ಣ ಕೂರುವುದಿಲ್ಲ. ಆದರೆ ಬಿಸಿಲು ಬಂದರೆ ಬಾಯಾರಿದ ಅಳಿಲುಗಳು ಪೈಪು ಕಡಿಯುತ್ತವೆ. ನೀರಿದೆಯೇ ಇಲ್ಲವೇ ಎಂದು ಹಲ್ಲಿನಿಂದಲೇ ವಿಚಾರಣೆ. ಹಾಗಾಗಿ ಪೈಪು ಬರಿದು ಮಾಡಿ, ಸಾಲುಗಳ ನಡುವೆ ಮಡಕೆ ಚಿಪ್ಪುಗಳಲ್ಲಿ ನೀರಿಡುತ್ತೇನೆ.

“ಅವಕ್ಕೂ ಒಂದು ಬೋರ್ ಹಾಕಿಸ್ಬಿಡಿ ಸ್ವಾಮಿ” ಎನ್ನುತ್ತಾರೆ ಪಕ್ಕದ ತೋಟದವರು. ಅವರ ಪೈಪಿಗೆ ಈ ವರ್ಷ ಎಲ್ಲೆಲ್ಲೂ ಜಾಯಿಂಟರ್.